ಸಪ್ಪೆ ಅದೆ

ಇವತ್ತು ಬೆಳಿಗ್ಗೆ ಆರೂವರೆ. ಭಾನುವಾರ ಬೇರೆ. ಯುಟಿಲಿಟಿಯಲ್ಲಿ ಡ್ರಮ್ಮಿನ ಮುಚ್ಚಳ ತೆಗೆದ ಸದ್ದು ಕೇಳಿ ಎದ್ದು ಹೋದರೆ, ಮಾವನವರು ತೋರುಬೆರಳನ್ನು ನೀರಿಗೆ ಅದ್ದಿ, ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ನಾನೂ ಉಸಿರು ಬಿಗಿಹಿಡಿದು ನಿಂತೆ.

"ಸಪ್ಪೆ ಅದೆ" ಅಂದರು. ಬೆರಳನ್ನು ಲುಂಗಿಗೆ ಒರೆಸಿಕೊಂಡು ಪೇಪರ್ ಓದಲು ಹೋದರು.

ಸಪ್ಪೆ ಆಗಿರೋದು ಸಾರಲ್ಲ ಸ್ವಾಮಿ. ನನ್ನ ಟ್ಯಾಂಕಿಗೆ ಅಂತ ನಿನ್ನೆ ರಾತ್ರಿಯಿಂದ ಪಂಪ್ ಹಾಕಿ ಕಲಸಿಟ್ಟ 20 ಲೀಟರ್ ಸಮುದ್ರದ ನೀರು.

ಬೆಂಗಳೂರಿನ ಮೂರನೇ ಮಹಡಿಯಲ್ಲಿ ಸಮುದ್ರ ಸಾಕುವುದು ಏನು ಹುಚ್ಚು ಅಂತ ಕೇಳಬೇಡಿ, ಮನೆಯಲ್ಲಿ ಈಗಾಗಲೇ ಕೇಳಿ ಆಗಿದೆ. 200 ಲೀಟರಿನ ಟ್ಯಾಂಕು. ಅದರಲ್ಲಿ ಎರಡು ಕ್ಲೌನ್ ಮೀನು, ಅಂದರೆ ಮಕ್ಕಳ ಪಾಲಿನ ನೀಮೋಗಳು. ಕಲ್ಲಿನ ಮೇಲೆ ಮೆತ್ತನೆಯ ಹವಳಗಳು: ಒಂದಷ್ಟು ಮಶ್ರೂಮ್, ಒಂದು ಗುಂಪು ಝೋವಾಂತಿಡ್. ಗಟ್ಟಿ ಅಸ್ಥಿಪಂಜರದ ಕಲ್ಲು ಹವಳದ ತಂಟೆಗೆ ನಾನು ಹೋಗಿಲ್ಲ, 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ ಅವು ಹುಲಿಯ ಪಕ್ಕದಲ್ಲೇ ಕೂತಿವೆ. ಇದ್ದಿದ್ದರಲ್ಲಿ ಸುಖವಾಗಿದ್ದೆ. ಕಳೆದ ತಿಂಗಳು ಉಪ್ಪಿನ ಬಕೆಟ್ ಖಾಲಿಯಾಗುವವರೆಗೆ.

ಅಂಗಡಿಯವನ ಹತ್ತಿರ ನಾನು ತರುತ್ತಿದ್ದ ಉಪ್ಪು ಇರಲಿಲ್ಲ. "ಬೇರೆ ತಗೊಳ್ಳಿ ಸಾರ್, ಉಪ್ಪು ಉಪ್ಪೇ ಅಲ್ವಾ" ಅಂದ. ಅಷ್ಟು ಸುಲಭ ಆಗಿದ್ದರೆ ನಾನು ರಾತ್ರಿ ಎರಡು ಗಂಟೆವರೆಗೆ ಫೋನ್ ಹಿಡ್ಕೊಂಡು ಕೂತಿರುತ್ತಿರಲಿಲ್ಲ. ಅಮೆರಿಕದ ಇನ್‌ಸ್ಟಂಟ್ ಓಷನ್, ಜರ್ಮನಿಯ ಟ್ರಾಪಿಕ್ ಮರೀನ್, ಇಸ್ರೇಲಿನ ರೆಡ್ ಸೀ, ಪೋಲೆಂಡಿನ ಆಕ್ವಾಫಾರೆಸ್ಟ್. ರೆಡ್ ಸೀಯಲ್ಲೇ ನೀಲಿ ಬಕೆಟ್ ಬೇರೆ, ಕಪ್ಪು ಬಕೆಟ್ ಬೇರೆ. ನೀಲಿಯ ಕ್ಷಾರತೆ, ನಾವು ಆಲ್ಕ್ ಅನ್ನೋದು, ಡಿಕೆಎಚ್ ಅನ್ನೋ ಅಳತೆಯಲ್ಲಿ ಸುಮಾರು 8. ಕಪ್ಪಿನದು 12ರ ಹತ್ತಿರ. ಗೊತ್ತಿಲ್ಲದೆ ಒಂದರಿಂದ ಇನ್ನೊಂದಕ್ಕೆ ದಿಢೀರ್ ಹಾರಿದರೆ ಹವಳ ಮುದುಡಿಕೊಳ್ಳುತ್ತೆ. ಸ್ನೇಹಿತರಲ್ಲಿ ಮೂವರನ್ನು ಕೇಳಿದೆ, ಐದು ಉತ್ತರ ಬಂತು.

ಕೊನೆಗೆ 22 ಕಿಲೋದ ಒಂದು ಬಕೆಟ್ ತಂದೆ. ಬೆಲೆ ಹೇಳಲ್ಲ. ನಾಲ್ಕಂಕಿ, ಆದರೆ ಐದಂಕಿಯ ಬಾಗಿಲು ತಟ್ಟುತ್ತಿತ್ತು. ಲೀಟರಿಗೆ 38 ಗ್ರಾಂ ಬೇಕು, ಟ್ಯಾಂಕಿನಲ್ಲಿ ವಾರಕ್ಕೆ ಬದಲಿಸೋ ನೀರು 20 ಲೀಟರ್, ಹಾಗಾಗಿ ಏಳು ತಿಂಗಳು ಬರುತ್ತೆ ಅಂತ ಹೆಂಡತಿಗೆ ಲೆಕ್ಕ ಒಪ್ಪಿಸುವಾಗಲೇ ಹಾಲ್‌ನಿಂದ ಮಾವನವರ ದನಿ ಬಂತು. "ಕಿಲೋಗೆ ಎಷ್ಟು ಬಿತ್ತು?"

ಈ ಪ್ರಶ್ನೆ ಬೇರೆ ಯಾರು ಕೇಳಿದ್ದರೂ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಮ್ಮ ಮಾವ ಗೋಕರ್ಣದ ಹತ್ತಿರದ ಸಾಣಿಕಟ್ಟೆಯವರು. ಮೂವತ್ತು ವರ್ಷ ಉಪ್ಪಿನ ಆಗರದಲ್ಲಿ ದುಡಿದವರು. ಅವರ ಮನೆಗೆ ಉಪ್ಪು ದುಡ್ಡು ಕೊಟ್ಟು ಬಂದದ್ದೇ ಕಡಿಮೆ. ನಾನು ತಗ್ಗಿದ ದನಿಯಲ್ಲಿ ಕಿಲೋದ ರೇಟು ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ನನ್ನನ್ನು ನೋಡಿದರು. ಮಗಳನ್ನು ಯಾರ ಕೈಗೆ ಕೊಟ್ಟೆ ಅಂತ ನೋಡುವ ನೋಟ ಅದು.

"ಇದು ಬರೀ ಉಪ್ಪಲ್ಲ ಮಾವ. ಸಮುದ್ರದಲ್ಲಿ ಅಡುಗೆ ಉಪ್ಪಿನ ಜೊತೆ ಕ್ಯಾಲ್ಸಿಯಂ ಇರುತ್ತೆ, ಮೆಗ್ನೀಷಿಯಂ ಇರುತ್ತೆ, ಅದೆಲ್ಲ ಸೇರಿಸಿದ್ದಾರೆ."

"ಮೆಗ್ನೀಷಿಯಂ ಅಂದ್ರೆ ಕಹಿ ಇರ್ತದಲ್ಲ, ಅದಾ?"

ಹೌದು ಅಂದೆ. ತಪ್ಪಾಯಿತು. ಆಗರದಲ್ಲಿ ಉಪ್ಪು ಹರಳುಗಟ್ಟಿದ ಮೇಲೆ ತಳದಲ್ಲಿ ಉಳಿಯುವ ಕಹಿ ನೀರಿನ ತುಂಬಾ ಇರೋದು ಅದೇ ಮೆಗ್ನೀಷಿಯಂ. ಅದು ಸೇರಿದರೆ ಉಪ್ಪು ಕಹಿಯಾಗುತ್ತೆ, ಒದ್ದೆ ಒದ್ದೆ ಆಗುತ್ತೆ ಅಂತ ಇವರು ಮೂವತ್ತು ವರ್ಷ ಅದನ್ನು ಬಸಿದು ಹೊರಗೆ ಬಿಟ್ಟಿದ್ದಾರೆ. "ನಾವು ಚೆಲ್ಲಿದ್ದನ್ನ ನೀವು ಬಕೆಟಲ್ಲಿ ತಂದ್ರಿ" ಅಂದರು. ನಗಲೂ ಇಲ್ಲ. ಅವತ್ತು ಸಂಜೆ ಊರಿನಿಂದ ಯಾರದೋ ಫೋನ್ ಬಂತು, ಅವರಿಗೂ ಇದೇ ಸುದ್ದಿ. ಮರುದಿನ ಇನ್ನೊಬ್ಬರಿಗೆ. ಪುಣ್ಯಕ್ಕೆ ಮಾವನವರಿಗೆ ನೀರಿನ ಕಥೆ ಗೊತ್ತಿಲ್ಲ: ನಮ್ಮ ಬೋರ್‌ವೆಲ್ ನೀರಿನಲ್ಲಿ ಬೇಡ ಬೇಡ ಅಂದರೂ ಇರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲವನ್ನೂ ಆರ್‌ಓ ಹಾಕಿ ಸೊನ್ನೆಯ ಹತ್ತಿರಕ್ಕೆ ತಂದು, ಅದೇ ನೀರಿಗೆ ದುಡ್ಡು ಕೊಟ್ಟು ಮತ್ತೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಾಕ್ತೀನಿ ಅನ್ನೋದು.

ಬೆರಳು ಅದ್ದುವ ಕಾರ್ಯಕ್ರಮ ಶುರುವಾದದ್ದು ಆಮೇಲೆ. ಮೊದಲ ವಾರವೇ "ಸಪ್ಪೆ ಅದೆ." ನಾನು ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ತೋರಿಸಿದೆ, ನೋಡಿ ಸಾವಿರಕ್ಕೆ 35, ಸಮುದ್ರದಲ್ಲೂ ಅಷ್ಟೇ. ಅವರು ಅದನ್ನು ಕಣ್ಣಿಗೆ ಹಿಡಿದು, ಕಿಟಕಿ ಕಡೆ ತಿರುಗಿ, ಎದುರು ಮನೆಯ ಬಾಲ್ಕನಿ ನೋಡಿ ವಾಪಸ್ ಕೊಟ್ಟರು. ಎರಡನೇ ವಾರವೂ ಸಪ್ಪೆ. ನನಗೆ ರೇಗಿತು. ಮಾವ ಅಲ್ವಾ, ರೇಗಿದ್ದನ್ನು ಸ್ಪಂಜು ಹಿಂಡುವುದರಲ್ಲಿ ತೀರಿಸಿಕೊಂಡೆ. ಮೂರನೇ ವಾರ ಸ್ನೇಹಿತನೊಬ್ಬ ಸರಿಯಾಗಿ 35 ಇರುವ ಅಳತೆಯ ದ್ರಾವಣ ತಂದು ನನ್ನ ರಿಫ್ರಾಕ್ಟೋಮೀಟರಿಗೆ ಎರಡು ಹನಿ ಬಿಟ್ಟ. 38 ತೋರಿಸಿತು. ನಾನು ಯಾವಾಗಲೂ ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಕೂರಿಸುತ್ತಿದ್ದೆ. ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲೂ ಸರಿ ಇರಬೇಕು ಅಂತ ಏನೂ ಇಲ್ಲ. ಅಂದರೆ ನನ್ನ ನೀರು ಇಷ್ಟು ದಿನ 32ರ ಆಸುಪಾಸು.

ಸಪ್ಪೆ.

ಅವತ್ತಿನಿಂದ ಮಾವನವರೇ ನಮ್ಮ ಮನೆಯ ಲ್ಯಾಬು. ಬಕೆಟಿನ ಉಪ್ಪನ್ನು ಮುಷ್ಟಿಯಲ್ಲಿ ಹಿಸುಕಿ, ಬೆರಳು ಬಿಚ್ಚಿ, ಉಂಡೆ ನಿಂತರೆ "ಗಾಳಿ ಹೊಕ್ಕಿದೆ" ಅಂತಾರೆ. ಬಕೆಟಿನೊಳಗೆ ಪುಡಿ ಪದರ ಪದರವಾಗಿ ಕೂತಿರುತ್ತೆ, ಬಳಸುವ ಮುಂಚೆ ಉರುಳಿಸಿ ಬೆರೆಸಬೇಕು ಅಂತ ನಾನು ಬಾಯಿ ತಪ್ಪಿ ಹೇಳಿದೆ. ಮಧ್ಯಾಹ್ನ ಎಲ್ಲರೂ ಮಲಗಿರುವಾಗ 22 ಕಿಲೋ ಬಕೆಟನ್ನು ಹಾಲ್‌ನ ಈ ತುದಿಯಿಂದ ಆ ತುದಿಗೆ ಉರುಳಿಸಿದರು. ಕೆಳಗಿನ ಮನೆಯವರು ಬಂದು, ಗ್ರೈಂಡರ್ ಬಿತ್ತಾ ಅಂತ ಕೇಳಿ ಹೋದರು.

ಒಂದೊಂದು ಸಲ ಟ್ಯಾಂಕಿನ ಮುಂದೆ ಕೂತು ಊರಿನ ಮಾತು ತೆಗೆಯುತ್ತಾರೆ. ಬೇಸಿಗೆಯ ಬಿಸಿಲಿಗೆ ಆಗರದ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಉಪ್ಪು ಕಟ್ಟುತ್ತಿತ್ತಂತೆ. ಊದಿದರೆ ಒಡೆಯುವಷ್ಟು ತೆಳು. ಅಷ್ಟು ಹೇಳಿ ಊಟಕ್ಕೆ ಏಳುತ್ತಾರೆ. ತಟ್ಟೆಯಲ್ಲಿ ಅವರಿಗೆ ಅಂತ ಬೇರೆ ತೆಗೆದಿಟ್ಟ ಸಾರು. ಬಿಪಿ ಜಾಸ್ತಿ ಇದೆ, ದಿನಕ್ಕೆ 5 ಗ್ರಾಂ ದಾಟಬಾರದು ಅಂತ ಡಾಕ್ಟರು ಹೇಳಿದ್ದಾರೆ. ಹೇಳಿದ್ದು 5, ಮಗಳು ಕೊಡೋದು 3. ಮಿಡಿ ಉಪ್ಪಿನಕಾಯಿಯ ಭರಣಿ ಅಟ್ಟದ ಮೇಲಿದೆ.

ಇವತ್ತಿಗೆ ಬರೋಣ. ಈಗ ಮೀಟರ್ ಸರಿ ಇದೆ. ರಾತ್ರಿ ಎರಡು ಸಲ ನೋಡಿದ್ದೇನೆ, ಬೆಳಿಗ್ಗೆ ಅವರು ಸಪ್ಪೆ ಅಂದ ಮೇಲೂ ಒಮ್ಮೆ ನೋಡಿದೆ. 35. ಗೆರೆ ಆಚೆ ಈಚೆ ಇಲ್ಲ. ಹಾಗಾದರೆ ಸಪ್ಪೆ ಹೇಗೆ ಅಂತ ಡ್ರಮ್ ಪಕ್ಕಕ್ಕೆ ಸರಿಸಿದರೆ, ಹಿಂದೆ ಗೋಡೆಗೆ ಒರಗಿಸಿಟ್ಟ ಒಂದು ಸ್ಟೀಲ್ ಚಮಚ. ತೊಳೆದು, ಒರೆಸಿ, ನೀಟಾಗಿ ಇಟ್ಟದ್ದು.

ನಿಂತಲ್ಲೇ ಲೆಕ್ಕ ಹಾಕಿದೆ. ಟೀ ಚಮಚಕ್ಕೆ 5 ಮಿಲಿ, ಅದರಲ್ಲಿ ಉಪ್ಪು 0.18 ಗ್ರಾಂ. ಚಮಚವನ್ನು ಇದ್ದಲ್ಲೇ ಇಟ್ಟು, ಡ್ರಮ್ಮನ್ನು ಮೊದಲಿನ ಜಾಗಕ್ಕೆ ತಳ್ಳಿದೆ.

ತಿಂಡಿ ಹೊತ್ತಿಗೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು, "ಆರು ಚಮಚದಲ್ಲಿ ಒಂದು ಹದಿನೈದು ದಿನದಿಂದ ಕಾಣ್ತಾ ಇಲ್ಲ, ಯಾರಾದ್ರೂ ನೋಡಿದ್ರಾ?"

ಮಾವನವರು ಪೇಪರ್ ಇನ್ನಷ್ಟು ಮೇಲಕ್ಕೆ ಎತ್ತಿದರು. ನಾನು ನೀಮೋಗಳಿಗೆ ಊಟ ಹಾಕಲು ಹೋದೆ.