ಮಗು ಏಳದಷ್ಟು ಮೆಲ್ಲಗೆ

ತಾಯ್ತನದ ಬಗ್ಗೆ ಹಾಡು ಎಂದ ಕೂಡಲೇ ನನಗೆ ಸ್ವಲ್ಪ ಅಳುಕಾಗುತ್ತದೆ. ತಾಯಿಯನ್ನು ದೇವರ ಪೀಠಕ್ಕೇರಿಸಿ, ಆಮೇಲೆ ಅವಳಿಗೆ ರಾತ್ರಿ ನಿದ್ದೆ ಬಂತೋ ಇಲ್ಲವೋ ಎಂದು ಕೇಳದೆ ಬಿಡುವ ಹಾಡುಗಳು ಎಲ್ಲ ಭಾಷೆಗಳಲ್ಲೂ ಬೇಕಾದಷ್ಟಿವೆ. ಇಂಗ್ಲೆಂಡಿನ ಜಾನಪದ ಶೈಲಿಯ ಗಾಯಕಿ ಲಾರಾ ಮಾರ್ಲಿಂಗ್ ತಾವೇ ಹಾಡು ಬರೆದು ಹಾಡುವವರು. ಅವರ 'ಪ್ಯಾಟರ್ನ್ಸ್ ಇನ್ ರಿಪೀಟ್' (ಮರಳಿ ಮರಳಿ ಬರುವ ವಿನ್ಯಾಸಗಳು) ಎಂಬ ಆಲ್ಬಮ್ 2024ರ ಅಕ್ಟೋಬರ್‌ನಲ್ಲಿ ಬಂದಾಗ, ಅದರ ವಸ್ತು ತಾಯ್ತನವೆಂದು ತಿಳಿದೇ ನಾನು ಕೆಲವು ದಿನ ಅದರ ತಂಟೆಗೆ ಹೋಗಿರಲಿಲ್ಲ. ಕೇಳಿದ ಮೇಲೆ ಅನ್ನಿಸಿದ್ದೆಂದರೆ, ಈ ಆಲ್ಬಮ್ಮಿನ ತಾಯ್ತನ ಹಾಡಿನ ಮಾತುಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದರ ಸದ್ದಿನ ಅಳತೆಯಲ್ಲಿದೆ.

ಮಾರ್ಲಿಂಗ್ ಅವರಿಗೆ ಮಗಳು ಹುಟ್ಟಿದ್ದು 2023ರಲ್ಲಿ. ಎಳೆಗೂಸನ್ನು ಅದೇ ಕೋಣೆಯಲ್ಲಿ ಇಟ್ಟುಕೊಂಡೇ ಲಂಡನ್ನಿನ ತಮ್ಮ ಮನೆಯ ಸ್ಟುಡಿಯೋದಲ್ಲಿ ಅವರು ಈ ಹಾಡುಗಳನ್ನು ಕಟ್ಟಿದರು. ಮೊದಲ ಹಾಡು 'ಚೈಲ್ಡ್ ಆಫ್ ಮೈನ್' ಶುರುವಾಗುವ ಹೊತ್ತಿಗೆ ಕೋಣೆಯ ಸದ್ದೂ ಮಗುವಿನ ದನಿಯೂ ಕಿವಿಗೆ ಬೀಳುತ್ತವೆ. ಅವನ್ನು ಅಳಿಸುವ ಗೋಜಿಗೆ ಯಾರೂ ಹೋಗಿಲ್ಲ. ಡ್ರಮ್ ಇಲ್ಲವೇ ಇಲ್ಲ. ಬೆರಳಿನಿಂದ ಮೀಟಿದ ಗಿಟಾರ್, ಅದರ ಹಿಂದೆ ತೆಳುವಾಗಿ ಬಂದು ಸೇರುವ ರಾಬ್ ಮೂಸ್ ಅವರ ತಂತಿವಾದ್ಯಗಳು, ಎಲ್ಲಿಯೂ ಏರಿ ಕೂಗದ ಕಂಠ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ, ಪಕ್ಕದಲ್ಲಿ ಯಾರೋ ಆಗಷ್ಟೇ ನಿದ್ದೆಗೆ ಜಾರಿದ್ದಾರೆ, ಅವರನ್ನು ಎಬ್ಬಿಸದಂತೆ ಹಾಡಲಾಗುತ್ತಿದೆ ಎನ್ನಿಸುತ್ತದೆ. ವಿಮರ್ಶಕರು ಇದನ್ನು ಸರಳತೆ ಎಂದರೂ ಎನ್ನಲಿ, ನನಗೆ ಇದು ಮಗುವಿರುವ ಮನೆಯಲ್ಲಿ ಕದ ಹಾಕುವಾಗ ಚಿಲಕವನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಜಾರಿಸುವ ಅಭ್ಯಾಸದ ಹಾಗೆ ಕೇಳಿಸುತ್ತದೆ.

ಇದೇ ಗಾಯಕಿ 2020ರ ಏಪ್ರಿಲ್‌ನಲ್ಲಿ 'ಸಾಂಗ್ ಫಾರ್ ಅವರ್ ಡಾಟರ್' ಎಂಬ ಆಲ್ಬಮ್ ತಂದಿದ್ದರು. ಆಗ ಅವರಿಗೆ ಮಗಳಿರಲಿಲ್ಲ. ಕಲ್ಪನೆಯ ಮಗಳೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, ಹೆಣ್ಣಾಗಿ ಈ ಲೋಕದಲ್ಲಿ ಬದುಕುವುದು ಹೇಗೆಂದು ಹೇಳಹೊರಟ ಹಾಡುಗಳವು. ನಿಜವಾದ ಮಗಳು ತೊಡೆಯ ಮೇಲೆ ಬಂದು ಮಲಗಿದಾಗ ಆ ಬುದ್ಧಿಮಾತುಗಳೆಲ್ಲ ಎಲ್ಲಿ ಹೋದವೋ ತಿಳಿಯದು. 'ಚೈಲ್ಡ್ ಆಫ್ ಮೈನ್'ನಲ್ಲಿ ಅಡುಗೆಮನೆಯಲ್ಲಿ ಅಪ್ಪನೂ ಮಗುವೂ ಕುಣಿಯುತ್ತಾರೆ. ಇನ್ನೊಂದು ಕಡೆ ಮಗು ನಿದ್ದೆಯಲ್ಲಿ ಅಳತೊಡಗುತ್ತದೆ. ಮಗುವಿನ ಕನಸಿನೊಳಕ್ಕೆ ತಾಯಿಗೆ ಪ್ರವೇಶವಿಲ್ಲ. ಹೊಟ್ಟೆಯೊಳಗೆ ಒಂಬತ್ತು ತಿಂಗಳು ಇಟ್ಟುಕೊಂಡವಳಿಗೂ, ಕೈಯಳತೆಯಲ್ಲೇ ಮಲಗಿರುವ ಮಗು ಇಷ್ಟು ಬೇಗ ದೂರವಾಗಿಬಿಡುತ್ತದೆ. ತಾನು ಹೋಗಲಾರದ ಕಡೆ ಕಾಯಿರೆಂದು ದೇವದೂತರಿಗೆ ಹೇಳಿಟ್ಟಿದ್ದೇನೆ ಎಂಬರ್ಥದ ಮಾತನ್ನು ಆಕೆ ಹಾಡುವಾಗ, ದನಿಯಲ್ಲಿ ನಾಟಕವಿಲ್ಲ. ಈ ಒಂದು ಜಾಗಕ್ಕಾಗಿ ನಾನು ಹಾಡನ್ನು ಎಷ್ಟು ಸಲ ಹಿಂದಕ್ಕೆ ಹಾಕಿ ಕೇಳಿದ್ದೇನೋ ಲೆಕ್ಕವಿಲ್ಲ. ಇಂಗ್ಲಿಷಿನ ಬಹಳ ಹಳೆಯ, ಎಲ್ಲರಿಗೂ ಗೊತ್ತಿರುವ ಜೋಗುಳವೊಂದರಲ್ಲಿ ಕೊಂಬೆ ಮುರಿದು ತೊಟ್ಟಿಲೇ ಕೆಳಗೆ ಬೀಳುತ್ತದೆ. ಮಗುವನ್ನು ಮಲಗಿಸುವ ಹಾಡಿನಲ್ಲಿ ಹೆತ್ತವರ ಭಯ ಸೇರಿಕೊಳ್ಳುವುದು ಅಲ್ಲಿ ಹೊಸತೇನಲ್ಲ.

ಮನೆಯ ಹಜಾರದಲ್ಲಿ ಮಗುವಿನ ತಳ್ಳುಗಾಡಿ ಬಂದು ನಿಂತರೆ ಒಳ್ಳೆಯ ಕಲೆಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ ಎಂಬರ್ಥದ ಮಾತನ್ನು ಇಂಗ್ಲಿಷ್ ವಿಮರ್ಶಕ ಸಿರಿಲ್ ಕನಾಲಿ 1938ರಲ್ಲಿ ಬರೆದಿದ್ದ. ಆ ತಳ್ಳುಗಾಡಿಯನ್ನು ತಳ್ಳುವವರು ಯಾರು ಎಂದು ಆತ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಮಾರ್ಲಿಂಗ್ ಅದನ್ನು ನೇರವಾಗಿ ಮೈಕಿನ ಪಕ್ಕಕ್ಕೇ ತಂದು ನಿಲ್ಲಿಸಿದ್ದಾರೆ. ಹಾಗೆಂದು ಇದನ್ನು ಹಿಡಿದುಕೊಂಡು ಬೇರೆ ತಾಯಂದಿರಿಗೆ 'ನೋಡಿ, ಅವರಿಗೆ ಆಗುತ್ತದೆ, ನಿಮಗೇಕಾಗದು' ಎಂದು ಯಾರೂ ಹೇಳಬಾರದು. ಮನೆಯೊಳಗೇ ಸ್ಟುಡಿಯೋ, ಜೊತೆಗೆ ಡಾಮ್ ಮಾಂಕ್ಸ್ ಅವರಂಥ ನುರಿತ ಸಹನಿರ್ಮಾಪಕ, ಕುಣಿಯಲು ಬಿಡುವಿರುವ ಅಪ್ಪ, ಇವೆಲ್ಲ ಒಟ್ಟಿಗೆ ಕೂಡಿಬರುವುದು ಅಪರೂಪ.

ಅಚ್ಚರಿಯೆಂದರೆ, ಆಲ್ಬಮ್ಮಿನ ಹೆಸರಿಗೆ ಅತ್ಯಂತ ಹೊಂದುವ ಹಾಡನ್ನು ಬರೆದವರು ಗಾಯಕಿಯಲ್ಲ, ಅವರ ತಂದೆ. 'ಲುಕಿಂಗ್ ಬ್ಯಾಕ್' ಎಂಬ ಈ ಹಾಡನ್ನು ಅವರು ಸುಮಾರು ಐವತ್ತು ವರ್ಷಗಳ ಹಿಂದೆ, ತಮ್ಮ ಇಪ್ಪತ್ತರ ಹರೆಯದಲ್ಲಿ, ಮುದುಕನೊಬ್ಬ ಹಿಂದಿರುಗಿ ನೋಡುವಂತೆ ಊಹಿಸಿಕೊಂಡು ಬರೆದಿದ್ದರು. ಮಗಳಿಗೆ ಗಿಟಾರ್ ಹಿಡಿಯಲು ಕಲಿಸಿದವರೂ ಅವರೇ. ಈಗ ಅವರಿಗೆ ಆ ಮುಪ್ಪು ನಿಜವಾಗಿಯೇ ಬಂದಿದೆ, ಹಾಡುತ್ತಿರುವ ಮಗಳು ತಾಯಾಗಿದ್ದಾಳೆ. ಊಹೆಯ ಮಗಳಿಗೆ ಹಾಡು ಬರೆದವಳ ಅಪ್ಪ ಊಹೆಯ ಮುಪ್ಪಿಗೆ ಹಾಡು ಬರೆದಿದ್ದ ಎಂಬುದು ಹೊಳೆದಾಗ ನನಗೆ ನಗು ಬಂತು.

ಎಲ್ಲವೂ ನನಗೆ ಹಿಡಿಸಿತೆಂದೇನಲ್ಲ. ಹಳೆಯ ಪ್ರೇಮವೊಂದು ಬಹಳ ವರ್ಷಗಳ ಮೇಲೆ ಕರೆ ಮಾಡುವ 'ಕ್ಯಾರೊಲೈನ್' ಒಳ್ಳೆಯ ಹಾಡು, ಆದರೆ ಬೇರೆ ಆಲ್ಬಮ್ಮಿನಿಂದ ತಪ್ಪಿ ಬಂದಂತಿದೆ. ಆಲ್ಬಮ್ಮಿನಲ್ಲೇ ಇರುವ 'ಲಲಬೈ' ಎಂಬ ಜೋಗುಳವನ್ನು ಕೊನೆಯಲ್ಲಿ ಮಾತಿಲ್ಲದೆ ಮತ್ತೊಮ್ಮೆ ನುಡಿಸುವ ಅಗತ್ಯವಿರಲಿಲ್ಲ. ಒಂದೆರಡು ಕಡೆ ತಂತಿವಾದ್ಯಗಳ ಸಿಹಿ ಹದ ಮೀರಿದೆ. ಇಷ್ಟಾಗಿಯೂ ಅವರ ಮುಂದಿನ ಆಲ್ಬಮ್ಮಿಗಾಗಿ ಕಾಯುತ್ತಿದ್ದೇನೆ. ಆ ಮಗು ಈಗ ನಡೆದಾಡುವ, ಮಾತಾಡುವ ವಯಸ್ಸಿಗೆ ಬಂದಿರುತ್ತದೆ. ಸ್ಟುಡಿಯೋದೊಳಗೆ ಅದನ್ನು ಸುಮ್ಮನೆ ಮಲಗಿಸಿಟ್ಟು ಹಾಡು ಮುದ್ರಿಸಿಕೊಳ್ಳುವುದು ಇನ್ನು ಆಗದ ಮಾತು.