ಕಂಬಿ ಬೇಲಿ ನಂಬಿ ಕೂತಿದ್ದೆ

ನಿನ್ನೆ ರಾತ್ರಿ ಮತ್ತೆ ಆನೆ ನುಗ್ಗಿದೆ. ಹಲಸು ಹಣ್ಣಾಗುವ ಕಾಲ, ಕೊಡಗಿನ ಸಿದ್ದಾಪುರದ ಕಡೆ ತೋಟ ಇರುವವರಿಗೆ ಇದು ಹೊಸದೇನಲ್ಲ. ಆದರೂ ಇವತ್ತು ಹೇಳಿಕೊಳ್ಳದೆ ಇರಲು ಆಗುತ್ತಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಅಪ್ಪ ನೆಟ್ಟ ರೋಬಸ್ಟಾ ಕಾಫಿ ಗಿಡಗಳು ಬುಡದಿಂದ ಸೀಳಿ ಬಿದ್ದಿವೆ. ಎಣಿಸಿದೆ, 17. ಹಲಸಿನ ಮರಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿ ಅಷ್ಟೂ ನೆಲದ ಮೇಲೆ. ಪಕ್ಕದಲ್ಲೇ ಲದ್ದಿ, ಇನ್ನೂ ಬಿಸಿ ಆರಿರಲಿಲ್ಲ. ಈಗ ಹೊಸ ಗಿಡ ನೆಟ್ಟರೆ ಫಸಲು ಕಾಣಲು 3-4 ವರ್ಷ ಬೇಕು.

ಆನೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಕಾಡಿನ ತುಂಬಾ ತೇಗ, ಲಂಟಾನ ಕಳೆ ಇದ್ದರೆ ಅದು ತಿನ್ನುವುದಾದರೂ ಏನನ್ನು?

ಆನೆ ತಡೆಯಲು ಅರಣ್ಯ ಇಲಾಖೆಯವರು ಮೊದಲು ಕಂದಕ ತೋಡಿದರು. ಎರಡು ಮಳೆಗಾಲದಲ್ಲಿ ಮಣ್ಣು ಕುಸಿದು ಮುಚ್ಚಿಹೋಯಿತು. ಆಮೇಲೆ ಸೋಲಾರ್ ಬೇಲಿ. ಬಳ್ಳಿ ಹಬ್ಬಿ ತಂತಿಯಲ್ಲಿ ಕರೆಂಟೇ ಇಲ್ಲ, ಬಳ್ಳಿ ಸವರಲು ಜನವೂ ಇಲ್ಲ. ಕರೆಂಟ್ ಇದ್ದ ದಿನ ಆನೆ ಒಂದು ಮರ ತಳ್ಳಿ ತಂತಿಯ ಮೇಲೆ ಬೀಳಿಸಿ ದಾಟಿತು. ಕೊನೆಗೆ ರೈಲ್ವೆ ಕಂಬಿ ಬೇಲಿ ಬಂತು. 'ಲಾರಿ ಗುದ್ದಿದರೂ ಅಲ್ಲಾಡಲ್ಲ' ಅಂದರು ಸಾಹೇಬರು. ನಂಬಿದೆ. ಪಕ್ಕದ ತೋಟದ ಮಾವ 'ಇದೆಲ್ಲ ಆಗುವ ಕೆಲಸ ಅಲ್ಲ ಮಾರಾಯ' ಅಂದಾಗ ಸಭೆಯಲ್ಲಿ ಎದ್ದು ನಿಂತು ಅವರ ಜೊತೆ ಜಗಳ ಆಡಿದೆ. 'ತಡ ಆಗಬಹುದು, ಆದರೆ ಮಾಡೇ ಮಾಡುತ್ತಾರೆ' ಅಂದವನು ನಾನೇ.

ಆ ಬೇಲಿ ನಮ್ಮ ತೋಡಿನ (ಸಣ್ಣ ಹಳ್ಳದ) ಹತ್ತಿರ ಬಂದು ನಿಂತುಬಿಟ್ಟಿದೆ. ಆಚೆ ಕಡೆಯದು ಬೇರೆ ಟೆಂಡರ್ ಅಂತೆ. ಆನೆಗೆ ಟೆಂಡರ್ ಗೊತ್ತಾ? ತೋಡಿನಲ್ಲಿ ಇಳಿದು ಒಳಗೆ ಬರುತ್ತದೆ. ಬಂದದ್ದಕ್ಕೆ ವಾಪಸ್ ಹೋಗಲು ಕಂಬಿ ಅಡ್ಡ. ಹಾಗಾಗಿ ಹಗಲೂ ತೋಟದಲ್ಲೇ ನಿಲ್ಲುತ್ತದೆ. ಮೊದಲು ರಾತ್ರಿ ಮಾತ್ರ ಹೆದರಿಕೆ ಇತ್ತು, ಈಗ ಬೆಳಿಗ್ಗೆ ಎಂಟು ಗಂಟೆಗೂ ಕೆಲಸದವರು ಗೇಟಿನಲ್ಲೇ ನಿಂತಿರುತ್ತಾರೆ. 20 ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಇವತ್ತು ಕತ್ತಿ ಕೈಗೆ ಕೊಟ್ಟು, 'ಅಣ್ಣ, ನಾಳೆಯಿಂದ ನಾನು ಬರಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ' ಅಂದರು. ಬನ್ನಿ, ಏನೂ ಆಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡ್ ಹುಡುಗ ಬಂದ. ಪರಿಹಾರಕ್ಕೆ ಪಹಣಿ, ಆಧಾರ್, ಫೋಟೋ, ಅರ್ಜಿ. ಪಾಪ, ಅವನ ಕೈಯಲ್ಲಿ ಪಟಾಕಿ ಬಿಟ್ಟರೆ ಬೇರೇನಿದೆ, ಅವನ ಮೇಲೆ ರೇಗಿ ಏನು ಪ್ರಯೋಜನ? ಹೊರಡುವಾಗ 'ಮುಂದಿನ ವರ್ಷ ಉಳಿದ ಬೇಲಿ ಆಗುತ್ತೆ ಸಾರ್' ಅಂದ. ಮೊದಲಾಗಿದ್ದರೆ ಆಯ್ತಪ್ಪ ಅಂತಿದ್ದೆ. ಇವತ್ತು ಬಾಯಿ ಬರಲಿಲ್ಲ.

ಸಂಜೆ ಮಾವನ ಮನೆಗೆ ಹೋಗಿ, ಅವತ್ತು ನೀವು ಹೇಳಿದ್ದೇ ಸರಿ ಅಂತ ಹೇಳಿ ಬಂದೆ.