ಮರಿಗಳ ಗತಿ?

ಸಮುದ್ರದ ಮೇಲಿನ ಹಿಮ ಒಡೆದರೆ ಎಂಪರರ್ ಪೆಂಗ್ವಿನ್‌ಗಳು ಬೇರೆ ಕಡೆ ಹೋಗುತ್ತವೆ, ಚಿಂತೆ ಬೇಡ ಎಂದು ನಿಮ್ಮ ಪತ್ರಿಕೆಯ ಲೇಖನದಲ್ಲಿದೆ. ದೊಡ್ಡವೇನೋ ಹೋಗುತ್ತವೆ ಸರ್, ಮರಿಗಳು? ಅವುಗಳ ಬೂದು ತುಪ್ಪಳ ನೀರು ತಡೆಯುವುದಿಲ್ಲ. ಗಟ್ಟಿ ಗರಿ ಬರಲು ಡಿಸೆಂಬರ್ ಆಗಬೇಕು. ಅಷ್ಟರೊಳಗೆ ಕಾಲಡಿಯ ಮಂಜುಗಡ್ಡೆ ಒಡೆದರೆ ಮುಳುಗಿಯೋ ಚಳಿಗೋ ಸಾಯುತ್ತವೆ. 2022ರಲ್ಲಿ ಅಂಟಾರ್ಕ್ಟಿಕಾದ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಐದು ಕಾಲೊನಿಗಳಲ್ಲಿ ನಾಲ್ಕರ ಮರಿಗಳು ಹೀಗೇ ಹೋದವು ಎನ್ನುತ್ತಾರೆ ವಿಜ್ಞಾನಿಗಳು. ಗೊತ್ತಾಗಿದ್ದು ಉಪಗ್ರಹ ಚಿತ್ರದಿಂದ. ಬಿಳಿ ಹಿಮದ ಮೇಲೆ ಹಿಕ್ಕೆಯ ಕಂದು ಕಲೆ ಆಕಾಶದಿಂದಲೂ ಕಾಣುತ್ತದೆ, ಮಜಾ ಅಲ್ವಾ!

ಕಾಫಿ ಹೂ ಅರಳಿಸುವ ಹೂಮಳೆ ಹೊತ್ತು ತಪ್ಪಿದರೆ ಕಾಫಿ ಫಸಲು ಏನಾಗುತ್ತದೆ ಎಂದು ಮೂಡಿಗೆರೆ ಕಡೆಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪೆಂಗ್ವಿನ್ ಮರಿಗಳಿಗೂ ಹೊತ್ತಿನದೇ ಲೆಕ್ಕ. ಲೇಖನದಲ್ಲಿ ಅದೊಂದೇ ಬಿಟ್ಟುಹೋಗಿದೆ. ಮುಂದಿನ ಸಲ ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳ ಬಗ್ಗೆಯೂ ಬರೆಯಿರಿ.